ಇಸ್ತ್ರಿ ಮಣಿಯಿಂದ ನಾಕ್ ಖಾನೆದ ಟ್ರೇ: ಇಳಕಲ್ ಸೆರಗಿನ ಡಿಸೈನ್, ಅಂಟು ಇಲ್ದ ಕೂಡೂ ಗ್ವಾಡಿ

ಫ್ಯೂಸ್ ಬೀಡ್ಸ್ ಅಂದ್ರ ಗೊತ್ತಿರಬೇಕಲ್ರಿ, ಸಣ್ಣ ಸಣ್ಣ ಪ್ಲಾಸ್ಟಿಕ್ ನಳಿಗಿ ಹಂತಾ ಮಣಿ, ಮುಳ್ಳಿನ ಬೋರ್ಡ್ ಮ್ಯಾಲ ಒಂದೊಂದ ಕೂಡ್ಸಿ ಮ್ಯಾಲ ಬಟರ್ ಪೇಪರ್ ಇಟ್ಟು ಇಸ್ತ್ರಿ ಆಡ್ಸಿದ್ರ ಒಂದಕ್ಕೊಂದು ಅಂಟ್ಕೋತಾವು. 1950ರ ದಶಕದ ಕೊನಿಗೆ ಸ್ವೀಡನ್‌ನಾಗ ಹುಟ್ಟಿದ್ದು, ಈಗ ನಮ್ಮ ಬಾಗಲಕೋಟಿ ನವನಗರದ ಮನಿಯೊಳಗೂ ರಜಾದಾಗ ಹುಡುಗೂರು ಇದರ ಮುಂದ ಕೂಡ್ತಾವು. ಆದ್ರ ಎಲ್ಲಾರೂ ಮಾಡೂದು ಕೀ ಚೈನ್, ಕಾರ್ಟೂನ್ ಮುಖ, ಟೀ ಕಪ್ ಕೆಳಗಿಡೂ ಕೋಸ್ಟರ್, ಅಷ್ಟಕ್ಕ ನಿಲ್ಲತೈತಿ. ಇದೇ ಮಣಿಯಿಂದ ಗ್ವಾಡಿ ನಿಲ್ಲಿಸಿ, ಒಳಗ ಖಾನೆ ಮಾಡಿ, ಬಳಿ, ಪಿನ್ನು, ಕ್ಲಿಪ್ಪು, ಹೊಲಿಗಿ ಗುಂಡಿ ಎಲ್ಲಾ ಇಡೂ ಹಂತಾ ಗಟ್ಟಿ ಟ್ರೇ ಮಾಡಬಹುದು, ಅದನ್ನ ಹೆಂಗ ಮಾಡೂದು ಅಂತ ಪೂರ್ತಿ ಲೆಕ್ಕ ಸಮೇತ ಇಲ್ಲೆ ಬರೀತೀನಿ.

ಒಂದು ಮಾತು ಮೊದಲ ಹೇಳಿಬಿಡ್ತೀನಿ. ಟ್ರೇ ಚಂದ ಬರೂದು ಬಣ್ಣದಿಂದ ಅಲ್ಲ, ಮೂಲಿಯಿಂದ. ಮೂಲಿ ಕೂಡಲಿಲ್ಲಂದ್ರ ಎಂಥಾ ಡಿಸೈನ್ ಹಾಕಿದ್ರೂ ಅದು ಟ್ರೇ ಆಗೂದಿಲ್ಲ, ಐದು ಬಿಡಿ ಹಲಗಿ ಆಗಿ ಉಳೀತೈತಿ. ಅದಕ್ಕ ನಾ ಇಲ್ಲೆ ಹೆಚ್ಚು ಹೊತ್ತು ಮಾತಾಡೂದು ಹಲ್ಲಿನ ಲೆಕ್ಕ ಮತ್ತ ಇಸ್ತ್ರಿ ಬಗ್ಗೆ.

ಸಾಮಾನು ಜಾಸ್ತಿ ಏನ ಬ್ಯಾಡ್ರಿ. 5 ಮಿಲಿಮೀಟರ್ ಮಣಿ ತಗೋರಿ, ಇದಕ್ಕ ಮಿಡಿ ಸೈಜ್ ಅಂತಾರ. 2.6 ಮಿಲಿಮೀಟರ್‌ದ ಮಿನಿ ಮಣಿನೂ ಸಿಗ್ತಾವು, ಆದ್ರ ಇದೇ ಲೆಕ್ಕದಾಗ ಮಾಡಿದ್ರ ಟ್ರೇ ಏಳೂವರಿ ಸೆಂಟಿಮೀಟರ್ ಅಷ್ಟ ಆಗತೈತಿ, ಮತ್ತ ಚಿಮಟಾ ಹಿಡ್ಕೊಂಡು ಕೂಡಬೇಕಾಗತೈತಿ, ಮೊದಲನೇ ಸಲಕ್ಕ ಅದು ಬ್ಯಾಡ. 29 ಸಾಲು 29 ಕಂಬದ ಚೌಕ ಪೆಗ್‌ಬೋರ್ಡ್, ಅಂದ್ರ ಮುಳ್ಳಿನ ಬೋರ್ಡ್ ಒಂದು, ಎರಡಿದ್ರ ಇನ್ನೂ ಚಲೋ. ಮಾಸ್ಕಿಂಗ್ ಟೇಪ್, ಬಟರ್ ಪೇಪರ್, ಉಗಿ ಇಲ್ದ ಸಾದಾ ಇಸ್ತ್ರಿ, ಚೌಕದ ಗಣಿತ ನೋಟ್‌ಬುಕ್, ಪೆನ್ಸಿಲ್. ಪರ್ಲರ್, ಹಾಮಾ, ಆರ್ಟ್‌ಕಲ್ ಅಂತ ಕಂಪನಿ ಅದಾವು, ಯಾವುದರ ತಗೋರಿ, ಆದ್ರ ಒಂದ ಹಲಗಿಯೊಳಗ ಎರಡು ಕಂಪನಿ ಮಣಿ ಬೆರಸಬ್ಯಾಡ್ರಿ, ಒಂದು ಲಗೂನ ಕರಗತೈತಿ ಇನ್ನೊಂದು ತಡಾ ಮಾಡತೈತಿ, ಅರ್ಧ ಹಲಗಿ ನೀರಾದ್ರೂ ಇನ್ನರ್ಧ ಅಂಟಿರೂದಿಲ್ಲ. ಆನ್‌ಲೈನ್‌ನಾಗ ತರಸೂವಾಗ ಇನ್ನೊಂದು ನೋಡ್ಕೋರಿ, ನೀರು ಸ್ಪ್ರೇ ಮಾಡಿದ್ರ ಅಂಟೂ ಮಣಿನೂ ಇದೇ ಫೋಟೋದಾಗ ಬರ್ತಾವು, ಗುಂಡಗ ತೂತಿಲ್ದ ಇದ್ರ ಅವು ಅವs, ಅವು ಇದಕ್ಕ ಬರೂದಿಲ್ಲ. ನಮಗ ಬೇಕಾದ್ದು ನಡುವ ತೂತಿರೂ ನಳಿಗಿ ಮಣಿ. ತೂಕದ ಲೆಕ್ಕದಾಗ ಮಾರ್ತಿದ್ರ ಸಾವಿರ ಮಣಿ ಸುಮಾರು 60 ಗ್ರಾಂ ಅಂತ ತಿಳ್ಕೋರಿ.

ಬಟರ್ ಪೇಪರ್ ಅಂದ್ರ ಬೇಕರಿಯವರು ಓವನ್‌ನಾಗ ಹಾಕೂ ಕಾಗದ. ಮೇಣದ ಕಾಗದ ಬ್ಯಾರೆ, ಅದನ್ನ ಇಸ್ತ್ರಿ ಕೆಳಗ ಇಟ್ರ ಮೇಣ ಕರಗಿ ಮಣಿಗೂ ಇಸ್ತ್ರಿಗೂ ಹತ್ತತೈತಿ. ಮುಟ್ಟಿ ನೋಡಿ ಜಿಡ್ಡು ಜಿಡ್ಡು ಅನಿಸ್ತಂದ್ರ ಬಿಟ್ಟುಬಿಡ್ರಿ.

ಈಗ ಲೆಕ್ಕ. ನೋಟ್‌ಬುಕ್ ತಗದು ಒಂದು ಚೌಕಕ್ಕ ಒಂದು ಮಣಿ ಅಂತ ಹಿಡೀರಿ. ಇಡೀ ಟ್ರೇ ಮೂರರ ಲೆಕ್ಕದ ಮ್ಯಾಲ ನಿಂತೈತಿ, ಮೂರು ಮಣಿ ಹಲ್ಲು, ಮೂರು ಮಣಿ ಖಾಲಿ, ಮತ್ತ ಮೂರು ಹಲ್ಲು. ಇಳಕಲ್ ಸೀರಿಯೊಳಗ ಮೈ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸ್ತಾರಲ್ಲ, ಒಂದರೊಳಗ ಒಂದು ಸಿಗಸೂದು, ಇದೂ ಅದೇ ರೀತಿ, ತಳದ ಹಲ್ಲು ಗ್ವಾಡಿಯ ಖಾಲಿಯೊಳಗ ಹೋಗಿ ಕೂಡಬೇಕು, ಗ್ವಾಡಿಯ ಹಲ್ಲು ತಳದ ಖಾಲಿಯೊಳಗ.

ತಳ ಮೊದಲು ಬರೀರಿ. ನಡುವ 27 ಸಾಲು 27 ಕಂಬ ಪೂರ್ತಿ ತುಂಬಿದ ಚೌಕ. ಅದರ ನಾಕೂ ಕಡೆ ಹೊರಗ ಒಂದ ಸಾಲು ಹಲ್ಲು. ಪ್ರತಿ ಬದಿಯ 27 ಮಣಿ ಉದ್ದಾನ ಮೂರರ ಒಂಬತ್ತು ಪಾಲು ಮಾಡ್ರಿ: ಖಾಲಿ, ಹಲ್ಲು, ಖಾಲಿ, ಹಲ್ಲು, ಹಿಂಗ ಖಾಲಿಯಿಂದ ಸುರು ಆಗಿ ಖಾಲಿಗೆ ಮುಗೀಬೇಕು. ಅಂದ್ರ ಒಂದ ಬದಿಗೆ ನಾಕು ಹಲ್ಲು, ಐದು ಖಾಲಿ. ಮೂಲಿ ಚೌಕ ನಾಕೂ ಖಾಲಿ ಇರಬೇಕು. ಎರಡೂ ಕಡೆ ಹಲ್ಲು ಸೇರಿಸಿದ್ರ 29 ಆಗತೈತಿ, ಬೋರ್ಡಿಗೆ ಕರೆಕ್ಟ್ ಕೂಡತೈತಿ. ಮಣಿ 777.

ಗ್ವಾಡಿ ನಾಕು, ಆದ್ರ ಎರಡು ನಮೂನಿ. ಎದುರಾಬದುರಾ ಇರೂ ಎರಡು ಒಂದು ನಮೂನಿ, ಉಳಿದ ಎರಡು ಇನ್ನೊಂದು. ಎರಡಕ್ಕೂ ಎತ್ತರ 9 ಸಾಲು. ಕೆಳಗಿನ ಮೊದಲನೇ ಸಾಲಿನಾಗ ತಳದ ಉಲ್ಟಾ, ಅಂದ್ರ ತಳದಾಗ ಎಲ್ಲೆ ಖಾಲಿ ಐತೋ ಅಲ್ಲೆ ಮೂರು ಮಣಿ, ಎಲ್ಲೆ ಹಲ್ಲು ಐತೋ ಅಲ್ಲೆ ಖಾಲಿ, ಹಿಂಗ ಐದು ಹಲ್ಲು ಬರ್ತಾವು. ಅದರ ಮ್ಯಾಲಿನ ಎಂಟು ಸಾಲು 27 ಮಣಿ ಪೂರ್ತಿ ತುಂಬ್ರಿ. ವ್ಯತ್ಯಾಸ ಬರೂದು ಈ 27ರ ಹೊರಗ ಎರಡೂ ತುದಿಗೆ ಬರೂ ಒಂದೊಂದ ಕಂಬದಾಗ. ಮೊದಲನೇ ನಮೂನಿಗೆ ತುದಿ ಕಂಬದಾಗ ಕೆಳಗಿನ ಮೂರು ಸಾಲಿಗೂ ಮ್ಯಾಲಿನ ಮೂರು ಸಾಲಿಗೂ ಮಣಿ, ನಡುವಿನ ಮೂರು ಖಾಲಿ. ಎರಡನೇ ನಮೂನಿಗೆ ನಡುವಿನ ಮೂರಕ್ಕ ಅಷ್ಟ ಮಣಿ, ಕೆಳಗ ಮ್ಯಾಲ ಖಾಲಿ. ಮೊದಲನೇದಕ್ಕ ತಲಾ 243 ಮಣಿ, ಎರಡನೇದಕ್ಕ ತಲಾ 237. ಮೂಲಿಯೊಳಗ ಇವೆರಡೂ ಎದುರಾದಾಗ ಒಂದರ ಮಣಿ ಇನ್ನೊಂದರ ಖಾಲಿಗೆ ಸರಿಯಾಗಿ ಬರತೈತಿ. ನೋಟ್‌ಬುಕ್ಕಿನಾಗ ಬರದು, ಆ ಹಾಳಿನ ಕತ್ತರಸಿ ಮಡಚಿ ನೋಡ್ರಿ, ಕಾಗದದಾಗ ಮೂಲಿ ಕೂಡ್ತಂದ್ರ ಮಣಿಯಾಗೂ ಕೂಡತೈತಿ. ಈ ಕೆಲಸಾ ಬಿಟ್ಟು ಸೀದಾ ಮಣಿಗೆ ಕೈ ಹಾಕಬ್ಯಾಡ್ರಿ.

ಒಳಗಿನ ಅಡ್ಡಪಟ್ಟಿ ಎರಡು. 27 ಉದ್ದ, 6 ಎತ್ತರ. ನಟ್ಟನಡುವಿನ 14ನೇ ಕಂಬದಾಗ ಮೂರು ಮಣಿ ಬಿಡ್ರಿ, ಒಂದಕ್ಕ ಮ್ಯಾಲಿಂದ ಮೂರು, ಇನ್ನೊಂದಕ್ಕ ಕೆಳಗಿಂದ ಮೂರು. ಎರಡೂ ಒಂದರೊಳಗೊಂದು ಇಳಿದು ಕೂಡಿಸು ಚಿಹ್ನಿ ಹಂಗ ನಿಲ್ತಾವು. ತಲಾ 159 ಮಣಿ. ಇದರಿಂದ 13 ಮಣಿ ಅಗಲದ ನಾಕು ಖಾನೆ ಆಗ್ತಾವು, ಅಂದ್ರ ಆರೂವರಿ ಸೆಂಟಿಮೀಟರ್. ಎರಡು-ನಾಕು ಸೈಜಿನ ಗಾಜಿನ ಬಳಿ ಅದರಾಗ ಆರಾಮ ಮಲಗತಾವು, ಎರಡು-ಆರು ಸಣ್ಣ ದಪ್ಪದ್ದಿದ್ರ ಬಿಗಿಯಾಗಿ ಹೋಗತಾವು, ಎರಡು-ಎಂಟು ಮಲಗೂದಿಲ್ಲ. ದೊಡ್ಡ ಬಳಿ ಹಾಕೂವ್ರು ಇದ್ರ ಅಡ್ಡಪಟ್ಟಿ ಹಾಕಬ್ಯಾಡ್ರಿ, ನಡುವ ಒಂದ ಹಾಕಿದ್ರೂ ಖಾನೆ ಅಗಲ 13 ಮಣಿನs ಉಳೀತೈತಿ.

ಇನ್ನ ಬಣ್ಣ. ಡಿಸೈನಿಗೆ ಇಂಟರ್‌ನೆಟ್‌ನಾಗ ಹುಡುಕೂದು ಬ್ಯಾಡ್ರಿ, ನಮ್ಮ ಜಿಲ್ಲಾದಾಗ ಚೌಕದ ಲೆಕ್ಕದ ಡಿಸೈನಿಗೆ ಬರ ಇಲ್ಲ. ಗ್ವಾಡಿಗೆ ನಾ ಇಳಕಲ್ ಸೀರಿಯ ಸೆರಗು ಹಾಕ್ತೀನಿ, ಕೆಂಪು ಮೈ, ಬಿಳಿ ತೆನಿ. ಗ್ವಾಡಿ ಒಳಗಿನ 27 ಕಂಬಾನ ಒಂಬತ್ತರ ಮೂರು ಪಾಲು ಮಾಡಿ, ಕೆಳಗಿಂದ ಎರಡು ಸಾಲು ಕೆಂಪು ಬಿಟ್ಟು, ಮೂರನೇ ಸಾಲಿಂದ ಬಿಳಿ ಸುರು ಮಾಡ್ರಿ, ಒಂದ ಪಾಲಿಗೆ ಒಂಬತ್ತು ಬಿಳಿ, ಮ್ಯಾಲಿನ ಸಾಲಿಗೆ ಏಳು, ಆಮ್ಯಾಲ ಐದು, ಮೂರು, ಒಂದು. ಮ್ಯಾಲ ಎರಡು ಸಾಲು ಮತ್ತ ಕೆಂಪು. ಮೂರು ತೆನಿ ಬುಡಕ್ಕ ಬುಡ ಹಚ್ಚಿ ನಿಲ್ತಾವು, ಸುತ್ತಲೂ ನಾಕು ಗ್ವಾಡಿಗೆ ಹನ್ನೆರಡು. ತುದಿ ಕಂಬ ಎಲ್ಲಾ ಕೆಂಪs ಇರಲಿ, ಮೂಲಿಯೊಳಗ ಬಣ್ಣ ಮುರಿಯೂದಿಲ್ಲ.

ತಳಕ್ಕ ಚಂದ್ರಕಾಳಿ ಸೀರಿ ಹಂಗ ಕರಿ, ಅದರ ಮ್ಯಾಲ ಕಸೂತಿ. ಆದ್ರ ಕಸೂತಿಯೊಳಗ ಎಲ್ಲಾ ಹೊಲಿಗಿ ಮಣಿಗೆ ಬರೂದಿಲ್ಲ. ಗವಂತಿ, ಮುರಗಿ ಇವು ಗೆರಿ ಹೊಲಿಗಿ, ಗೆರಿ ಚೌಕದ ಅಂಚಿನ ಮ್ಯಾಲ ಹೋಗತೈತಿ, ಮಣಿ ಚೌಕದ ಒಳಗ ಕೂಡೂದು, ಹಂಗಾಗಿ ಸೀದಾ ಇಳಸಾಕ ಹೋದ್ರ ಸಣ್ಣ ಗೋಪುರ ದಪ್ಪ ಆಗಿ ಗುರ್ತs ಸಿಗೂದಿಲ್ಲ. ಮೆಂತಿ ಹೊಲಿಗಿ ಅಂದ್ರ ಅಡ್ಡಾದಿಡ್ಡಿ ಕ್ರಾಸ್ ಹಾಕಿ ತುಂಬೂದು, ಅದು ಒಂದು ಕ್ರಾಸಿಗೆ ಒಂದು ಮಣಿ ಅಂತ ಹಂಗs ಬಂದುಬಿಡತೈತಿ. ಮನಿಯಾಗ ಅಜ್ಜಿ, ಅತ್ತಿ ಹಾಕಿದ ಮೆಂತಿ ಕಸೂತಿ ಸೀರಿ ಇದ್ರ ತಗದು ಎಣಿಸ್ರಿ, ಅದಕ್ಕಿಂತ ಚಲೋ ಪ್ಯಾಟರ್ನ್ ಎಲ್ಲೂ ಸಿಗೂದಿಲ್ಲ.

ಡಿಸೈನ್ ಎಲ್ಲೆ ಇಡಬೇಕು ಅನ್ನೂದು ವಿಚಾರ ಮಾಡಬೇಕಾದ ಮಾತು. ನಟ್ಟನಡುವ ದೊಡ್ಡ ತೇರು ಇಟ್ರ ಮ್ಯಾಲ ಅಡ್ಡಪಟ್ಟಿ ಬಂದು ಅದನ್ನ ನಾಕು ತುಂಡು ಮಾಡತೈತಿ. ಅದಕ್ಕ ಒಂದೊಂದು ಖಾನೆಗೆ ಒಂದೊಂದು ಸಣ್ಣ ಡಿಸೈನ್ ಇಡ್ರಿ. ಖಾನೆ 13 ಚೌಕ, ನಡು 7ನೇದ್ದು. 4ನೇ ಸಾಲಿಂದ 10ನೇ ಸಾಲಿನ ತನಕ ಒಂದು, ಮೂರು, ಐದು, ಏಳು, ಐದು, ಮೂರು, ಒಂದು ಹಿಂಗ ಬಿಳಿ ಮಣಿ ಹಾಕಿದ್ರ ಸಣ್ಣ ಹೂ, ಅದರ ನಡು ಒಂದು ಹಳದಿ. ಅಡ್ಡಪಟ್ಟಿ ಎರಡೂ ಹಳದಿ ಮಾಡ್ರಿ. ಒಟ್ಟು ಲೆಕ್ಕ ಕರಿ 677, ಕೆಂಪು 660, ಬಿಳಿ 396, ಹಳದಿ 322, ಎಲ್ಲಾ ಸೇರಿ 2055. ಕರಿ ಕೆಂಪು ಸಾವಿರ ಸಾವಿರ, ಬಿಳಿ ಹಳದಿ ಐದನೂರು ಐದನೂರು ತರಸಿದ್ರ ಸಾಕು, ಕೆಳಗ ಬಿದ್ದು ಕಳಿಯೂವು ಇದ್ದs ಇರ್ತಾವು.

ಮಣಿ ಜೋಡಸೂದಕ್ಕ ಬಣ್ಣ ಬ್ಯಾರೆ ಬ್ಯಾರೆ ವಾಟಿಯೊಳಗ ಹಾಕ್ಕೊಂಡು ಕೂಡ್ರಿ. ತಳದಾಗ ಮೊದಲು ಹೊರಗಿನ ಹಲ್ಲು, ಆಮ್ಯಾಲ 27ರ ಚೌಕದ ಗಡಿ, ಆಮ್ಯಾಲ ಡಿಸೈನ್, ಕೊನಿಗೆ ಕರಿ ತುಂಬೂದು. ಹಿಂಗ ಮಾಡಿದ್ರ ಎಣಿಕಿ ತಪ್ಪಿದ್ದು ಮೊದಲs ಗೊತ್ತಾಗತೈತಿ. ಗ್ವಾಡಿ ಒಂದ ಬೋರ್ಡಿನ ಮ್ಯಾಲ ಎರಡೆರಡು ಮಾಡ್ರಿ, ಮೂರು ಕೂಡ್ತಾವು ಖರೇ ಆದ್ರ ನಡುವ ಒಂದ ಸಾಲು ಜಾಗಾ ಉಳೀತೈತಿ, ಕರಗಿದಾಗ ಒಂದಕ್ಕೊಂದು ಹತ್ತೂ ಸಾಧ್ಯತೆ ಇರತೈತಿ. ಮೂರು ವರ್ಷದೊಳಗಿನ ಕೂಸುಗಳು ಮನಿಯಾಗ ಇದ್ರ ಅವು ಮಲಗಿದಾಗ ಮಾಡ್ರಿ, ಈ ಮಣಿ ಬಾಯಾಗ ಹೋಗಿ ಗಂಟಲದಾಗ ಸಿಗೂ ಸೈಜ್ ಐತಿ.

ಈಗ ಇಸ್ತ್ರಿಗೆ ಬರೂನು. ಬೋರ್ಡಿನ ಮ್ಯಾಲನs ಇಸ್ತ್ರಿ ಮಾಡ್ತಾರ ಭಾಳ ಮಂದಿ, ಸಣ್ಣ ತುಂಡಿಗೆ ನಡೀತೈತಿ, ಆದ್ರ ಇಷ್ಟು ದೊಡ್ಡ ತಳಕ್ಕ ಬೋರ್ಡ್ ಕಾದು ಸೊಟ್ಟ ಆಗತೈತಿ, ಬೋರ್ಡ್ ಸೊಟ್ಟಾದ್ರ ಮುಂದಿನ ಎಲ್ಲಾ ಹಲಗಿನೂ ಸೊಟ್ಟ. ಅದಕ್ಕ ಟೇಪ್ ರೀತಿ ಮಾಡ್ರಿ. ಜೋಡಿಸಿದ ಮಣಿ ಮ್ಯಾಲ ಮಾಸ್ಕಿಂಗ್ ಟೇಪ್ ಪಟ್ಟಿ ಪಟ್ಟಿ ಹಚ್ಚಿ, ಒಂದರ ಅಂಚು ಇನ್ನೊಂದರ ಮ್ಯಾಲ ತುಸು ಏರಬೇಕು, ಬೆರಳಿಂದ ಚೊಲೋತ್ನಾಗ ಒತ್ತಿ, ಸೂಜಿಲೆ ಅಲ್ಲೊಂದು ಇಲ್ಲೊಂದು ಮಣಿ ತೂತಿನ ಮ್ಯಾಲ ಟೇಪಿಗೆ ತೂತು ಹಾಕ್ರಿ, ಒಳಗಿನ ಗಾಳಿ ಹೊರಗ ಹೋಗಾಕ ದಾರಿ ಬೇಕು. ಆಮ್ಯಾಲ ಬೋರ್ಡ್ ಸಮೇತ ಬೋರಲು ಹಾಕಿ ಬೋರ್ಡ್ ಮೆಲ್ಲಕ ಮ್ಯಾಲ ಎತ್ರಿ. ಮಣಿ ಎಲ್ಲಾ ಟೇಪಿಗೆ ಹತ್ಕೊಂಡು ಉಳೀತಾವು. ಟೇಪ್ ಇಲ್ದ ಬದಿಗೆ ಮೊದಲು ಇಸ್ತ್ರಿ, ತಣ್ಣಗಾದ ಮ್ಯಾಲ ಟೇಪ್ ಬಿಚ್ಚಿ ಇನ್ನೊಂದ ಬದಿ.

ಕೆಳಗ ಕಟ್ಟಿಗಿ ಹಲಗಿ ಇಟ್ಟು ಇಸ್ತ್ರಿ ಮಾಡ್ರಿ. ಗ್ರಾನೈಟ್ ಕಟ್ಟಿ ಮ್ಯಾಲ ಮಾಡಬ್ಯಾಡ್ರಿ, ಕಲ್ಲು ಶಾಖ ಎಳ್ಕೋತೈತಿ, ಮ್ಯಾಲ ಕರಗಿದ್ರೂ ಕೆಳಗ ಹಸಿ ಉಳೀತೈತಿ. ಇಸ್ತ್ರಿ ಗುಂಡಿ ಸಿಲ್ಕ್ ಮತ್ತ ಉಲನ್ ನಡುವ ಇಡ್ರಿ, ಕಾಟನ್‌ಗೆ ತಿರುವಬ್ಯಾಡ್ರಿ. ಉಗಿ ಇಸ್ತ್ರಿ ಆದ್ರ ನೀರು ಖಾಲಿ ಮಾಡಿ ಉಗಿ ಬಂದ್ ಮಾಡ್ರಿ, ಅದರ ತಳದ ತೂತಿದ್ದಲ್ಲೆ ಶಾಖ ಹತ್ತೂದಿಲ್ಲ, ಅದಕ್ಕ ಸಾದಾ ಇಸ್ತ್ರಿನs ಚಲೋ. ದೀಪ ಹತ್ತಿ ಆರಿ ಎರಡು ಸಲ ಆಗೂತನಕ ಕಾಯ್ರಿ, ಆವಾಗ ಶಾಖ ಒಂದ ಹದಕ್ಕ ಬರತೈತಿ. ನಡುವ ಕರೆಂಟ್ ಹೋತು ಅಂದ್ರ ಇಸ್ತ್ರಿ ಎತ್ತಿ ಇಟ್ಟುಬಿಡ್ರಿ, ಅರೆಬರೆ ಬಿಸಿಯಲ್ಲೆ ಒತ್ತಿ ಒತ್ತಿ ತಿಕ್ಕಿದ್ರ ಮಣಿ ಸರೀತಾವು. ಕಿಡಕಿ ತಗೀರಿ, ಪ್ಲಾಸ್ಟಿಕ್ ವಾಸನಿ ಒಳಗ ನಿಲ್ಲಬಾರದು, ಆದ್ರ ಬಿಸಿ ಹಲಗಿ ಮ್ಯಾಲ ಸೀದಾ ಫ್ಯಾನ್ ಗಾಳಿ ಬ್ಯಾಡ, ಒಂದು ಬದಿ ಮೊದಲು ತಣ್ಣಗಾಗಿ ಹಲಗಿ ದೋಣಿ ಆಗತೈತಿ.

ಬಟರ್ ಪೇಪರ್ ಇಟ್ಟು, ಒತ್ತದ, ಗುಂಡಗ ಗುಂಡಗ ಇಸ್ತ್ರಿ ಆಡಸ್ರಿ. ಒಂದೊಂದ ಜಾಗಾಕ್ಕ ಹತ್ತರಿಂದ ಇಪ್ಪತ್ತು ಸೆಕೆಂಡ್, ಆಮ್ಯಾಲ ಕಾಗದದ ಮೂಲಿ ಎತ್ತಿ ನೋಡ್ರಿ. ಮಣಿ ಅಂಚು ಅಂಚು ಕೂಡಿರಬೇಕು, ನಡುವಿನ ತೂತು ಸಣ್ಣ ಆಗಿರಬೇಕು ಆದ್ರ ಕಾಣಬೇಕು. ಕೋಸ್ಟರ್ ಮಾಡೂವ್ರು ತೂತು ಪೂರ್ತಿ ಮುಚ್ಚೂ ತನಕ ಕರಗಿಸ್ತಾರ, ನಯಾ ಬರತೈತಿ ಅಂತ. ಟ್ರೇಗೆ ಅದು ಬ್ಯಾಡ. ಹೆಚ್ಚು ಕರಗಿದ್ರ ಮಣಿ ಬದಿಗೆ ಹರಡತೈತಿ, 15 ಮಿಲಿಮೀಟರ್ ಇರಬೇಕಾದ ಹಲ್ಲು ಹದಿನಾರಾಗತೈತಿ, 15 ಇರಬೇಕಾದ ಖಾಲಿ ಹದಿನಾಕಾಗತೈತಿ, ಆವಾಗ ಎಷ್ಟು ಬಡಿದ್ರೂ ಮೂಲಿ ಕೂಡೂದಿಲ್ಲ. ನಡುಭಾಗಕ್ಕ ಚೊಲೋತ್ನಾಗ ಶಾಖ ಕೊಡ್ರಿ, ಹಲ್ಲಿನ ಸಾಲಿಗೆ ಇಸ್ತ್ರಿ ಮೂತಿಲೆ ಅಷ್ಟs ಮುಟ್ಟಿಸಿ ಬರ್ರಿ, ಆದ್ರ ಹಲ್ಲು ಮೈಗೆ ಅಂಟಿದ್ದು ಖಾತ್ರಿ ಮಾಡ್ಕೋರಿ, ಬೆರಳಿಲೆ ಮೆಲ್ಲಕ ಬಗ್ಗಿಸಿ ನೋಡಿದ್ರ ಬಿರುಕು ಕಾಣಬಾರದು. ಕರಿ ಮಣಿ ಕರಗಿದ್ದು ಲಗೂನ ಕಣ್ಣಿಗೆ ತಿಳಿಯೂದಿಲ್ಲ, ಬೆಳಕಿಗೆ ಓರಿ ಹಿಡದು ನೋಡಬೇಕು, ಕರಗಿದಲ್ಲೆ ಮಿಂಚತೈತಿ. ಎರಡೂ ಬದಿಗೆ ಒಂದs ಸಮ ಶಾಖ ಹತ್ತಬೇಕು, ಇಲ್ಲಂದ್ರ ಹೆಚ್ಚು ಹತ್ತಿದ ಕಡೆ ಹಲಗಿ ಮುದುಡತೈತಿ.

ಇಸ್ತ್ರಿ ತಗದ ಕೂಡ್ಲೆ, ಕಾಗದ ಬಿಚ್ಚದs, ಹಲಗಿನ ಸಪಾಟ್ ನೆಲದ ಮ್ಯಾಲ ಇಟ್ಟು ಮ್ಯಾಲ ಭಾರಾ ಹೇರ್ರಿ. ಇಲ್ಲೆ ಕಲ್ಲು ಕೆಲಸಕ್ಕ ಬರತೈತಿ. ಅಡಗಿಮನಿ ಕಟ್ಟಿ ಮಾಡಸೂವಾಗ ಉಳಿದ ಇಳಕಲ್ ಗ್ರಾನೈಟಿನ ತುಂಡು ನಮ್ಮ ಕಡೆ ಬಹಳ ಮನಿಯಾಗ ಇದ್ದs ಇರತೈತಿ, ಅದರ ಪಾಲಿಶ್ ಬದಿ ಕೆಳಗ ಮಾಡಿ ಹೇರಿಬಿಡ್ರಿ, ಶಾಖ ಎಳಕೊಂಡು ಹಲಗಿನ ಸೀದಾ ತಣ್ಣಗ ಮಾಡತೈತಿ. ಇಲ್ಲಂದ್ರ ದಪ್ಪ ದಪ್ಪ ಪುಸ್ತಕಾನೂ ನಡೀತಾವು. ಕೈಗೆ ಬಿಸಿ ಹತ್ತದಂಗ ಆಗೂ ತನಕ ಎತ್ತಬ್ಯಾಡ್ರಿ. ತಣ್ಣಗಾದಾಗ ಕಾಗದ ತಾನs ಬಿಡತೈತಿ.

ಎಲ್ಲಾ ಹಲಗಿ ಆದ್ವು, ಈಗ ಕೂಡಸೂದು, ಇದಕ್ಕ ಒಂದು ಕ್ರಮ ಐತಿ. ತಳಕ್ಕ ಮೊದಲು ಎರಡನೇ ನಮೂನಿ ಗ್ವಾಡಿ ಎರಡೂ ಎದುರಾಬದುರಾ ಒತ್ರಿ, ಅಂದ್ರ ತುದಿಯ ನಡುವ ಅಷ್ಟ ಮಣಿ ಇರೂವು, ಆ ಮೂರು ಮಣಿಗೆ ಕಿವಿ ಅನ್ನೂನು. ಆಮ್ಯಾಲ ಮೊದಲನೇ ನಮೂನಿ ಎರಡನ್ನ ಹೊರಗಿಂದ ಸೀದಾ ಒಳಗ ತಳ್ಳಬೇಕು, ತಳದ ಹಲ್ಲೂ ಬದಿ ಗ್ವಾಡಿಯ ಕಿವಿನೂ ಒಮ್ಮೆಲೆ ಒಳಗ ಸರೀತಾವು. ಮ್ಯಾಲಿಂದ ಇಳಸಾಕ ಹೋದ್ರ ಕಿವಿ ಒಳಗ ಹೋಗಾಕ ದಾರಿ ಇರೂದಿಲ್ಲ. ಒಂದು ತುದಿಯಿಂದ ಹಲ್ಲು ಒಂದೊಂದ ಕೂಡಸ್ಕೋತ ಬರ್ರಿ, ಒಮ್ಮೆಲೆ ಜೋರು ಹಾಕಬ್ಯಾಡ್ರಿ. ಬಿಗಿ ಆದಲ್ಲೆ ಉಗುರು ತಿಕ್ಕೂ ಅರದಿಂದ ತುಸು ತಿಕ್ರಿ, ಕತ್ತರಿ ಹಚ್ಚಿದ್ರ ಮಣಿನs ಹಾರಿ ಹೋಗತೈತಿ.

ಮೂಲಿ ಸಡಲ ಅನಿಸಿದ್ರ ಅಂಟಿನ ಬಾಟ್ಲಿ ತರಬ್ಯಾಡ್ರಿ. ಈ ಪ್ಲಾಸ್ಟಿಕ್ಕಿಗೆ ಫೆವಿಕಾಲ್, ಫೆವಿಕ್ವಿಕ್ ಗಟ್ಟಿ ಹಿಡಿಯೂದಿಲ್ಲ, ಒಣಗಿದ ಮ್ಯಾಲ ಪದರು ಪದರು ಎದ್ದು ಬರತೈತಿ. ಅದರ ಬದಲಿ ಟ್ರೇನ ಅಡ್ಡ ಮಲಗಿಸಿ, ಮೂಲಿ ಮ್ಯಾಲ ಬಟರ್ ಪೇಪರ್ ಇಟ್ಟು, ಇಸ್ತ್ರಿ ಮೂತಿನ ಎರಡು ಮೂರು ಸೆಕೆಂಡ್ ಮುಟ್ಟಿಸಿ ತಗೀರಿ, ಎರಡೂ ಗ್ವಾಡಿ ಮಣಿ ಅಲ್ಲೇ ಒಂದಕ್ಕೊಂದು ಬೆಸೀತಾವು. ಆದ್ರ ಇದು ಆದ ಮ್ಯಾಲ ಬಿಚ್ಚಾಕ ಬರೂದಿಲ್ಲ, ಅದಕ್ಕ ಮೊದಲು ನಾಕೂ ಮೂಲಿ ಕೂಡಿದ್ದು ನೋಡ್ಕೊಂಡು ಕೊನಿಗೆ ಮಾಡ್ರಿ. ಅಡ್ಡಪಟ್ಟಿಗೆ ಬೆಸಗಿ ಬ್ಯಾಡ, ಒಂದರೊಳಗೊಂದು ಇಳಿಸಿ ಟ್ರೇ ಒಳಗ ಒತ್ತಿಬಿಡ್ರಿ, ಬೇಕಾದಾಗ ತಗದು ತೊಳೀಬಹುದು.

ತೊಳಿಯಾಕ ತಣ್ಣೀರು, ಹಳೇ ಟೂತ್‌ಬ್ರಷ್ ಸಾಕು, ಮಣಿ ತೂತಿನಾಗ ಕೂತ ಧೂಳು ಹೋಗತೈತಿ. ಅರಿಶಿಣ ಕುಂಕುಮ ಬಿಡಿಯಾಗಿ ಇದರಾಗ ಸುರೀಬ್ಯಾಡ್ರಿ, ತೂತಿನಾಗ ಕೂತು ಬಿಡತೈತಿ, ತಳದಿಂದ ಕೆಳಗೂ ಸೋರತೈತಿ. ತಿನ್ನೂ ಪದಾರ್ಥಾನೂ ಬ್ಯಾಡ. ಏಪ್ರಿಲ್ ಮೇ ಒಳಗ ನಮ್ಮಲ್ಲೆ 40 ಡಿಗ್ರಿ ದಾಟತೈತಿ, ಬಿಸಲು ಬೀಳೂ ಕಿಡಕಿ ಕಟ್ಟಿ ಮ್ಯಾಲ, ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ ಇಟ್ರ ಗ್ವಾಡಿ ಮೆತ್ತಗಾಗಿ ಹೊರಗ ಬಾಗತಾವು.

ಸೈಜ್ ಬದಲ ಮಾಡೂವ್ರಿಗೆ ಒಂದ ಲೆಕ್ಕ. ಒಳಗಿನ ಉದ್ದ ಮೂರರ ಬೆಸ ಪಾಲು ಇರಬೇಕು, ಅಂದ್ರ 15, 21, 27, ಆವಾಗ ಅಷ್ಟ ಎರಡೂ ತುದಿಗೆ ಖಾಲಿ ಬಂದು ಮೂಲಿ ಸಮ ಆಗತೈತಿ. 24 ತಗೊಂಡ್ರ ಒಂದು ತುದಿಗೆ ಖಾಲಿ, ಇನ್ನೊಂದಕ್ಕ ಹಲ್ಲು ಬಂದು ಕೆಡತೈತಿ. ಪೆನ್ನು ಪೆನ್ಸಿಲ್ ಮಲಗಸೂ ಉದ್ದ ಟ್ರೇ ಬೇಕಂದ್ರ ಎರಡು ಬೋರ್ಡ್ ಜೋಡಿಸಿ 51 ಉದ್ದ 15 ಅಗಲ ತಗೋರಿ, ಹಲ್ಲು ಸೇರಿ 53 ಆಗತೈತಿ, ಎರಡು ಬೋರ್ಡಿನ 58ರೊಳಗ ಆರಾಮ ಕೂಡತೈತಿ. ಗ್ವಾಡಿ ಎತ್ತರ ಮಾತ್ರ ಒಂಬತ್ತs ಇರಲಿ, ಮೂಲಿಯ ಮೂರು-ಮೂರು-ಮೂರು ಲೆಕ್ಕ ಅದರಾಗ ಐತಿ.